ಬೋರಿನ ನೀರೇ ಕುಡಿಸು ಅಂದಿದ್ದೆ

ಆ ಕಾರ್ಡು ಇನ್ನೂ ನನ್ನ ಟ್ರಂಕಿನಲ್ಲಿದೆ. ಶಾರ್ಜಾದಲ್ಲಿ ನಾವಿದ್ದ ಬೀದಿಯ ಹಲ್ಲಿನ ಕ್ಲಿನಿಕ್ಕಿನದು. ವಯಸ್ಸು, ದೇಶ, ಗಂಡನ ಕೆಲಸ, ಇವೆಲ್ಲ ನಾನು ಹೇಳಿ ಬರೆಸಿದ್ದು. ಕೆಳಗೆ ‘ಪಾನ್, ತಂಬಾಕು’ ಎಂಬ ಸಾಲಿನ ಮುಂದೆ ‘ಹೌದು’ ಎಂದು ಗುರುತು ಹಾಕಿದ್ದಾರಲ್ಲ, ಅದು ಮಾತ್ರ ನಾನು ಹೇಳಿದ್ದಲ್ಲ. ಅಲ್ಲಿ ಕೂತಿದ್ದ ನರ್ಸಮ್ಮ ನನ್ನನ್ನು ಕೇಳಲೂ ಇಲ್ಲ. ನಾನು ಹೆಸರು ಹೇಳಲು ಬಾಯಿ ತೆಗೆದೆ, ಅವಳು ನನ್ನ ಹಲ್ಲು ನೋಡಿದಳು, ಗುರುತು ಹಾಕಿದಳು. ಅಷ್ಟೇ.

ನನ್ನ ಮುಂದಿನ ಹಲ್ಲುಗಳು ಕಂದು ಬಣ್ಣದವು. ತುಕ್ಕು ಹಿಡಿದ ತಗಡಿನ ಹಾಗೆ ಅಡ್ಡಡ್ಡ ಗೆರೆ, ಅಲ್ಲಲ್ಲಿ ಸುಣ್ಣ ಬಳಿದಂತೆ ಬಿಳಿ ಮಚ್ಚೆ. ನಮ್ಮೂರು ದೊಡ್ಡಬೆಳವಂಗಲದಿಂದ ಎರಡು ಮೈಲಿ ಒಳಗೆ. ನನ್ನ ಓರಗೆಯವರೆಲ್ಲರ ಹಲ್ಲೂ ಹೀಗೆಯೇ ಇದ್ದುದರಿಂದ ಊರೊಳಗೆ ಅದು ಯಾರಿಗೂ ವಿಶೇಷವಲ್ಲ. ಆದರೆ ಹೊರಗಿನವರ ಎದುರು ನಮ್ಮ ಹೆಣ್ಣುಮಕ್ಕಳಿಗೆ ಒಂದು ಅಭ್ಯಾಸ. ನಗು ಬಂದರೆ ಸೆರಗೋ ಕೈಯೋ ಬಾಯಿಗೆ ಅಡ್ಡ ಬರುತ್ತಿತ್ತು. ಮದುವೆ ಮನೆಗಳಲ್ಲಿ ಬೇರೆ ಊರಿನ ಹೆಂಗಸರು ಅದನ್ನು ನೋಡಿ, “ಈ ಊರಿನ ಹೆಣ್ಮಕ್ಳಿಗೆ ಎಷ್ಟು ನಾಚ್ಕೆ” ಎಂದು ಹೊಗಳುತ್ತಿದ್ದರು. ನಾಚಿಕೆಯಂತೆ. ನಮ್ಮ ಹೊಟ್ಟೆಯುರಿ ನಮಗೆ ಗೊತ್ತಿತ್ತು.

ನಮ್ಮಮ್ಮನ ಹಲ್ಲು ಮಾತ್ರ ಬೆಳ್ಳಗಿದ್ದವು. ನನಗಿಂತ ಎಂಟು ವರ್ಷ ದೊಡ್ಡವನಾದ ಅಣ್ಣನವೂ ಬೆಳ್ಳಗೆ. ಅದರಿಂದ ಅಮ್ಮ ಒಂದು ತೀರ್ಮಾನಕ್ಕೆ ಬಂದಿದ್ದಳು: ನಾನು ಸೋಮಾರಿ, ಹಲ್ಲು ಉಜ್ಜುವುದಿಲ್ಲ. ಊರಿನ ತಾಯಂದಿರೆಲ್ಲರ ತೀರ್ಮಾನವೂ ಅದೇ. ಬೆಳಗಾಯಿತೆಂದರೆ ಬಚ್ಚಲ ಕಲ್ಲಿನ ಮೇಲೆ ನನ್ನನ್ನು ಕೂರಿಸಿ, ಗದ್ದ ಹಿಡಿದು, ಒಲೆಯ ಇದ್ದಲು, ಉಪ್ಪು, ಅದೂ ಸಾಲದೆ ಹೋದರೆ ಇಟ್ಟಿಗೆ ಪುಡಿ ಹಾಕಿ ತಾನೇ ಉಜ್ಜುತ್ತಿದ್ದಳು. ವಸಡು ಕಿತ್ತು ರಕ್ತ ಬರುವವರೆಗೆ ಉಜ್ಜುತ್ತಿದ್ದಳು. “ನಾವೆಲ್ಲ ಬೇವಿನ ಕಡ್ಡೀಲಿ ಉಜ್ಜಿ ಹೆಂಗವೆ ನೋಡು ಹಲ್ಲು. ನಿಮ್ಮಣ್ಣನ್ನ ನೋಡು. ನಿಂಗೆ ಮಾತ್ರ ಏನ್ ಬಂದಿರೋದು ದೊಡ್ಡರೋಗ” ಎಂದು ಬಯ್ಯುತ್ತಲೇ ಉಜ್ಜುತ್ತಿದ್ದಳು. ನಾನು ಕೈ ಕಚ್ಚುತ್ತಿದ್ದೆ. ಬೆನ್ನಿಗೆ ಗುದ್ದು ಬೀಳುತ್ತಿತ್ತು. ಒಂದು ದಿನವಲ್ಲ, ಎರಡು ದಿನವಲ್ಲ, ನಾನು ಹತ್ತನೆಯ ತರಗತಿಗೆ ಬರುವವರೆಗೂ ಇದೇ ಪಾಡು. ಆ ಇಟ್ಟಿಗೆ ಪುಡಿಯ ರುಚಿ ಈಗಲೂ ನನ್ನ ನಾಲಗೆಯ ಮೇಲಿದೆ, ಅದಕ್ಕಾಗಿ ನಾನು ಅಮ್ಮನನ್ನು ಬಹಳ ವರ್ಷ ಕ್ಷಮಿಸಲಿಲ್ಲ.

ನನಗೆ ಮೂಗಿನ ತುದಿಯಲ್ಲೇ ಕೋಪ. ಅದು ಹುಟ್ಟುಗುಣವೋ ಆ ಬಚ್ಚಲ ಕಲ್ಲಿನ ಮೇಲೆ ಕಲಿತದ್ದೋ ಹೇಳಲಾರೆ. ಮದುವೆಗೆ ಬಂದ ಮೊದಲ ಗಂಡಿನ ಕಡೆಯವರು ಕಾಫಿ ಕುಡಿದು, ಉಪ್ಪಿಟ್ಟು ತಿಂದು, ಹುಡುಗಿಗೆ ಹೊಗೆಸೊಪ್ಪಿನ ಚಟ ಇರುವಂತಿದೆ ಎಂದು ಹೇಳಿಕಳಿಸಿದರು. ಎರಡನೆಯವರ ಮುಂದೆ ನಾನು ತುಟಿ ಬಿಚ್ಚಲೇ ಇಲ್ಲ, ಮೂಗಿ ಎಂದುಕೊಂಡು ಹೋದರು. ಮೂರನೆಯವರು ದೊಡ್ಡಬಳ್ಳಾಪುರದವರು. ಮನೆ ತುಂಬ ಪವರ್‌ಲೂಮ್, ಹುಡುಗ ಮಗ್ಗದ ಮೋಟಾರುಗಳಿಗೆ ತಾಮ್ರದ ತಂತಿ ಸುತ್ತುವ ವೈಂಡಿಂಗ್ ಕೆಲಸ ಕಲಿತವನು. ಆತ ನನ್ನ ಹಲ್ಲು ನೋಡಿದ, ಏನೂ ಅನ್ನಲಿಲ್ಲ. ಮದುವೆಯಾದ ಮೇಲೆ ಮಾತ್ರ, “ನಮ್ಮನೆಯೋಳು ಕೋಪ ಬಂದ್ರೆ ಮಾತ್ರ ಬಾಯಿ ತೆಗೀತಾಳೆ. ಅದಕ್ಕೇ ದಿನಕ್ಕೆರಡು ಸಲ ರೇಗಿಸ್ತೀನಿ” ಎಂದು ಸ್ನೇಹಿತರ ಎದುರು ಛೇಡಿಸುತ್ತಿದ್ದರು. ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಅವರಿಗೆ ಶಾರ್ಜಾದ ಒಂದು ವರ್ಕ್‌ಶಾಪಿನಲ್ಲಿ ಅದೇ ವೈಂಡಿಂಗ್ ಕೆಲಸ ಸಿಕ್ಕಿತು. ಎರಡು ವರ್ಷದ ಮೇಲೆ ನಾನೂ ಹೋದೆ. ಮಗಳು ಅಲ್ಲಿಯೇ ಹುಟ್ಟಿದಳು.

ಅವಳಿಗೆ ಎರಡು ತುಂಬಿದಾಗ ನನಗೆ ಯೂನಿಫಾರಂ ಹೊಲಿಯುವ ಅಂಗಡಿಯಲ್ಲಿ ಕೆಲಸ ಸಿಕ್ಕಿತು. ಮಗುವನ್ನು ನೋಡಿಕೊಳ್ಳುವವರಿರಲಿಲ್ಲ. ಅಲ್ಲಿದ್ದ ನಮ್ಮವರೆಲ್ಲ ಮಾಡುತ್ತಿದ್ದಂತೆ ನಾನೂ ರಜೆಯಲ್ಲಿ ಹೋಗಿ ಮಗಳನ್ನು ಅಮ್ಮನ ಹತ್ತಿರ ಬಿಟ್ಟೆ. ಬಿಡುವ ಮುಂಚೆ ನಾನು ಮಾಡಿದ ಏರ್ಪಾಡನ್ನು ಈಗ ಬರೆಯಬೇಕು. ಬರೆಯಲು ಕೈ ಬರುವುದಿಲ್ಲ, ಆದರೂ ಬರೆಯುತ್ತೇನೆ.

ನಮ್ಮ ಮನೆಯ ಹಿಂದೆ ತೋಟದಲ್ಲಿ ಅಜ್ಜನ ಕಾಲದ ತೆರೆದ ಬಾವಿಯಿತ್ತು. ಊರಿಗೆ ಬೋರ್‌ವೆಲ್ ಬಂದು, ಕೈಪಂಪು ಹಾಕಿದಾಗ ನಾನು ತೊಟ್ಟಿಲ ಕೂಸು. ಬಾವಿ ನೀರು ಕುಡಿದರೆ ವಾಂತಿಭೇದಿ, ನಾರುಹುಣ್ಣು, ಬೋರಿನ ನೀರೇ ಶುದ್ಧ ಎಂದು ಆರೋಗ್ಯದವರು ಮನೆಮನೆಗೆ ಬಂದು ಹೇಳಿ ಹೋದರಂತೆ. ಶಾಲೆಯ ಗೋಡೆಯ ಮೇಲೂ ಹಾಗೆಯೇ ಬರೆದಿತ್ತು. ಊರವರೆಲ್ಲ ಕೈಪಂಪಿಗೆ ತಿರುಗಿದರು. ನಮ್ಮಮ್ಮನೂ ತಿರುಗಿದಳು. ಆದರೆ ಅಡುಗೆಗೆ ಮಾತ್ರ ಕದ್ದು ಮುಚ್ಚಿ ಬಾವಿಯಿಂದಲೇ ಸೇದುತ್ತಿದ್ದಳು. “ಬೋರ್ ನೀರಲ್ಲಿ ಬ್ಯಾಳೆ ಬೇಯಲ್ಲ ಕಣೆ. ಎಷ್ಟು ಸೌದೆ ಹಾಕಿದ್ರೂ ಕಲ್ಲು ಕಲ್ಲಾಗೇ ಇರ್ತದೆ. ಕುಡುದ್ರೂ ಸಪ್ಪೆ, ದಾಹ ಹೋಗಲ್ಲ” ಅನ್ನುತ್ತಿದ್ದಳು. ನಾನು ಎಸ್ಸೆಸ್ಸೆಲ್ಸಿ ಪಾಸಾದವಳು, ಗೋಡೆಯ ಮೇಲೆ ಬರೆದದ್ದನ್ನು ನಂಬಿದವಳು. ಬೇಳೆ ಬೇಯದ ನೀರು ಹೊಟ್ಟೆಗೆ ಹೇಗೆ ಒಳ್ಳೆಯದು ಎಂದು ನನಗೆ ಒಮ್ಮೆಯೂ ಹೊಳೆಯಲಿಲ್ಲ.

ಮಗಳನ್ನು ಬಿಡುವ ಮೊದಲು ನಾನು ಹಿತ್ತಿಲಲ್ಲೇ ಬೋರ್ ಕೊರೆಸಿದೆ. ಊರಿನ ಕೈಪಂಪಿಗಿಂತ ಎರಡು ಪಟ್ಟು ಆಳ. ಮೋಟಾರು ಇಳಿಸಿ, ಅಡುಗೆ ಮನೆಗೆ ನಲ್ಲಿ ಎಳೆಸಿದೆ. ನೀರು ಚಿಮ್ಮಿದಾಗ ಕಾಯಿ ಒಡೆದು, ಊರಿಗೆಲ್ಲ ಬೆಲ್ಲ ಹಂಚಿದೆ. ಮಗು ಬಿದ್ದೀತು ಎಂದು ತೋಟದ ಬಾವಿಗೆ ಅಣ್ಣನ ಕೈಲಿ ಚಪ್ಪಡಿ ಹಾಕಿಸಿ ಮುಚ್ಚಿಸಿದೆ. ಹೊರಡುವ ದಿನ ಅಮ್ಮನ ಮುಂದೆ ಬೆರಳು ತೋರಿಸಿ ಹೇಳಿದೆ:

“ನೋಡಮ್ಮ, ಮಗೀಗೆ ಬೋರಿನ ನೀರೇ ಕುಡಿಸ್ಬೇಕು. ಆ ಬಾವಿ ನೀರು ಒಂದು ತೊಟ್ಟೂ ಬಾಯಿಗೆ ಹಾಕ್ಬೇಡ. ಹಾಕಿದ್ದು ಗೊತ್ತಾದ್ರೆ ನಾನು ಈ ಮನೆ ಹೊಸ್ಲು ತುಳಿಯಲ್ಲ.”

“ಆಯ್ತು ಕಣೆ, ಹಂಗೇ ಮಾಡ್ತೀನಿ. ಯಾಕಂಗೆ ಹಾರಾಡ್ತೀಯ” ಎಂದಳು ಅಮ್ಮ.

ಹಾಗೆಯೇ ಮಾಡಿದಳು. ಮಾತಿಗೆ ತಪ್ಪುವವಳಲ್ಲ ನಮ್ಮಮ್ಮ. ಎರಡು ವರ್ಷ, ಪ್ರತಿದಿನ, ಒಂದು ಲೋಟವೂ ತಪ್ಪದಂತೆ ನಾನು ಹೇಳಿದ ನೀರನ್ನೇ ಕುಡಿಸಿದಳು.

ಎರಡು ವರ್ಷವಾದ ಮೇಲೆ ನನಗೆ ದವಡೆ ಹಲ್ಲಿನ ನೋವು ಶುರುವಾಯಿತು. ಲವಂಗ ಇಟ್ಟೆ, ಉಪ್ಪುನೀರು ಮುಕ್ಕಳಿಸಿದೆ, ಎರಡು ರಾತ್ರಿ ಗೋಡೆಗೆ ತಲೆ ಆನಿಸಿ ಕೂತೆ. ಹಲ್ಲಿನ ಡಾಕ್ಟರ ಮುಂದೆ ಬಾಯಿ ತೆಗೆಯುವುದಕ್ಕಿಂತ ನೋವೇ ವಾಸಿ ಅನ್ನಿಸಿತ್ತು. ಮೂರನೆಯ ದಿನ ಕೆನ್ನೆ ಊದಿ ಕಣ್ಣು ಮುಚ್ಚಿಹೋದಾಗ ಗಂಡ, “ನೀನಾಗೇ ಹೋಗ್ತೀಯೋ, ಎತ್ತಾಕ್ಕೊಂಡು ಹೋಗ್ಲೋ” ಎಂದರು. ಕ್ಲಿನಿಕ್ ನಮ್ಮ ಬೀದಿಯ ಕೊನೆಯಲ್ಲೇ ಇತ್ತು. ಕೆಳಗೆ ದಿನಸಿ ಅಂಗಡಿ, ಮೇಲೆ ಎರಡು ಕೋಣೆ. ಅವರನ್ನು ಕೆಲಸಕ್ಕೆ ಕಳಿಸಿ ನಾನೊಬ್ಬಳೇ ಹೋದೆ.

ಒಳಗೆ ಮಲ್ಲಿಗೆಯಂಥ ಹಲ್ಲಿನ ನಾಲ್ಕು ಜನ ಹೆಂಗಸರು ಗೋಡೆಯ ಮೇಲಿನ ಪಟದಲ್ಲಿ ನಗುತ್ತಿದ್ದರು. ನರ್ಸಮ್ಮ ಕೇರಳದವಳು, ನನ್ನದೇ ವಯಸ್ಸು. ನಾವಿಬ್ಬರೂ ಹಿಂದಿಯಲ್ಲಿ ಒದ್ದಾಡಿದೆವು. ಕಾರ್ಡು ಬರೆದು ನನ್ನ ಕೈಗೇ ಕೊಟ್ಟು ಒಳಗೆ ಹೋಗು ಎಂದಳು. ನನಗೆ ಇಂಗ್ಲಿಷ್ ಓದಲು ಬರುವುದಿಲ್ಲ ಎಂದುಕೊಂಡಿರಬೇಕು. ಬಾಗಿಲಲ್ಲಿ ನಿಂತು ಓದಿದೆ. ‘ಪಾನ್, ತಂಬಾಕು: ಹೌದು.’

ಮೈಯೆಲ್ಲ ಉರಿದುಹೋಯಿತು. ಗಂಡಿನ ಕಡೆಯವರು ಅಂದದ್ದು ಸಾಲದು ಅಂತ ಕಡಲು ದಾಟಿ ಬಂದರೂ ಇದೇ ಮಾತೇ? ತಿರುಗಿ ಹೋಗಿ ನಾಲ್ಕು ಅನ್ನಬೇಕು ಎಂದು ಬಾಯಿ ತೆಗೆದೆ, ನೋವು ಕಿವಿಯವರೆಗೆ ಚುಚ್ಚಿತು. ಹಲ್ಲು ಕಚ್ಚಿಕೊಂಡು ಸುಮ್ಮನಿರೋಣ ಅಂದರೆ ಹಲ್ಲು ಕಚ್ಚಲೂ ಆಗದ ಸ್ಥಿತಿ. ಒಳಗೆ ಹೋಗಿ ಆ ಒರಗುವ ಕುರ್ಚಿಯಲ್ಲಿ ಬಿದ್ದೆ.

ಡಾಕ್ಟರು ಸುಡಾನಿನವರು. ವಯಸ್ಸಾದವರು, ಎತ್ತರದ ಆಳು, ಮೆತ್ತಗೆ ಇಂಗ್ಲಿಷ್ ಮಾತಾಡುತ್ತಿದ್ದರು. ಅವರು ಮೊದಲು ಓದಿದ್ದು ಕಾರ್ಡು, ಆಮೇಲೆ ನೋಡಿದ್ದು ನೋಯುವ ದವಡೆ ಹಲ್ಲು ಒಂದನ್ನೇ. ಸೂಜಿ ಹಾಕಿದರು, ಕೊರೆದರು, ಕೀವು ತೆಗೆದರು, ಏನೋ ತುಂಬಿದರು. ಕೈ ಹಗುರ, ಸುಳ್ಳು ಹೇಳಬಾರದು. ಕೊನೆಗೆ ಕೈ ತೊಳೆಯುತ್ತಾ, ಬೆನ್ನು ತಿರುಗಿಸಿಕೊಂಡೇ, “ಈ ಪಾನ್ ತಿನ್ನುವುದನ್ನು ಬಿಡಬೇಕು. ನಿಮ್ಮ ದೇಶದ ಹೆಂಗಸರಿಗೆ ಹೇಳಿ ಹೇಳಿ ನನಗೆ ಸಾಕಾಗಿದೆ. ಹಲ್ಲನ್ನು ಸ್ವಚ್ಛವಾಗಿಟ್ಟುಕೊಳ್ಳುವುದು ಬಡವರಿಗೂ ಸಾಧ್ಯ” ಎಂದರು.

ಅರ್ಧ ಬಾಯಿ ಮರಗಟ್ಟಿತ್ತು. ಉಳಿದರ್ಧದಲ್ಲಿ ಕಿರುಚಿದೆ. ಮೊದಲು ಕನ್ನಡದಲ್ಲಿ, ಆಮೇಲೆ ನನಗೆ ಬರುವ ಇಂಗ್ಲಿಷಿನಲ್ಲಿ. ಎಲೆಯಡಿಕೆಯನ್ನು ಹಬ್ಬದ ದಿನವೂ ಮುಟ್ಟಿದವಳಲ್ಲ ನಾನು. ಹೊಗೆಸೊಪ್ಪಿನ ವಾಸನೆಯೂ ಆಗುವುದಿಲ್ಲ. ದಿನಕ್ಕೆ ಮೂರು ಸಲ ಉಜ್ಜುತ್ತೇನೆ, ನಿಮ್ಮಪ್ಪನಾಣೆ ಉಜ್ಜುತ್ತೇನೆ. ನಾನೊಬ್ಬಳೇ ಅಲ್ಲ, ನಮ್ಮೂರಿನ ನನ್ನ ವಯಸ್ಸಿನವರೆಲ್ಲರ ಹಲ್ಲೂ ಹೀಗೇ ಇವೆ. ಊರಿಗೆ ಊರೇ ತೊಟ್ಟಿಲಲ್ಲಿ ತಂಬಾಕು ಹಾಕುತ್ತಿತ್ತೇನು? ಹೀಗೆ ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಜೊಲ್ಲು ಸೋರಿ ಸೆರಗಿನ ಮೇಲೆ ಬೀಳುತ್ತಿತ್ತು. ನರ್ಸಮ್ಮ ಓಡಿ ಬಂದಳು.

ಡಾಕ್ಟರು ನಲ್ಲಿ ನಿಲ್ಲಿಸಿ ಈ ಕಡೆ ತಿರುಗಿದರು.

“ಎಲ್ಲರದ್ದೂ ಅಂದಿರಾ?”

“ಎಲ್ಲರದ್ದೂ.”

“ನಿಮ್ಮ ತಾಯಿಯದು?”

“ಇಲ್ಲ. ಅವರದು ಬೆಳ್ಳಗಿದೆ.”

“ಅಣ್ಣ, ಅಕ್ಕ?”

“ಅಣ್ಣನದೂ ಬೆಳ್ಳಗಿದೆ. ಎಂಟು ವರ್ಷ ದೊಡ್ಡವನು.”

ಅವರು ಬಂದು ದೀಪವನ್ನು ಎಳೆದು, ಹತ್ತಿಯಿಂದ ನನ್ನ ಮುಂದಿನ ಹಲ್ಲು ಒರೆಸಿ, ಬಗ್ಗಿ ನೋಡಿದರು. ನನ್ನ ಜನ್ಮದಲ್ಲಿ ಯಾರೂ ನನ್ನ ಹಲ್ಲನ್ನು ಹಾಗೆ, ಅಸಹ್ಯಪಡದೆ, ಅಷ್ಟು ಹೊತ್ತು ನೋಡಿರಲಿಲ್ಲ. ಆಮೇಲೆ ಕೇಳಿದರು: “ಯಾವ ನೀರು ಕುಡಿದು ಬೆಳೆದಿರಿ?”

ನನಗೆ ಇನ್ನೂ ರೇಗಿತು. ನಾವೇನು ಹೊಂಡದ ನೀರು ಕುಡಿಯುವವರು ಅಂದುಕೊಂಡರಾ? ಶುದ್ಧವಾದ ಬೋರ್‌ವೆಲ್ ನೀರು, ನಾನು ಹುಟ್ಟಿದ ವರ್ಷವೇ ನಮ್ಮೂರಿಗೆ ಬಂತು ಎಂದು ಹೆಮ್ಮೆಯಿಂದ ಹೇಳಿದೆ. ಅವರು ಕಪಾಟಿನಿಂದ ಒಂದು ದಪ್ಪ ಪುಸ್ತಕ ತೆಗೆದು, ಹುಡುಕಿ, ನನ್ನ ತೊಡೆಯ ಮೇಲಿಟ್ಟರು. ಪುಟದ ತುಂಬ ಹಲ್ಲಿನ ಫೋಟೋಗಳು. ಒಂದು ನನ್ನ ಹಲ್ಲು. ಇನ್ನೊಂದು ನಮ್ಮ ಪಕ್ಕದ ಮನೆಯ ಹುಡುಗಿಯದು. ಯಾವ ದೇಶದವರದೋ ಏನೋ, ಆದರೆ ನಮ್ಮೂರಿನ ಕೈಪಂಪಿನ ಸುತ್ತ ನಿಂತವರ ಬಾಯಿಗಳನ್ನೇ ಅಲ್ಲಿ ಅಚ್ಚು ಹಾಕಿದ್ದರು.

ನೆಲದಾಳದ ಕಲ್ಲಿನಲ್ಲಿ ಫ್ಲೋರೈಡ್ ಎಂಬುದು ಇರುತ್ತದೆ, ಕೆಲವು ಕಡೆ ಆಳಕ್ಕೆ ಇಳಿದಷ್ಟೂ ನೀರಿನಲ್ಲಿ ಅದು ಹೆಚ್ಚು, ತಮ್ಮ ಸುಡಾನಿನಲ್ಲೂ ಇಂಥ ಊರುಗಳಿವೆ ಎಂದರು. ಹಲ್ಲು ಹುಟ್ಟಿದ ಮೇಲೆ ಅದು ಬಣ್ಣ ಕೆಡಿಸುವುದಿಲ್ಲ. ಹಲ್ಲು ವಸಡಿನೊಳಗೆ ಕಣ್ಣಿಗೆ ಕಾಣದೆ ಕಟ್ಟಿಕೊಳ್ಳುತ್ತಿರುವಾಗ, ಚಿಕ್ಕ ವಯಸ್ಸಿನಲ್ಲಿ, ಒಳಗೇ ಕೆಡಿಸುತ್ತದೆ. “ಉಜ್ಜಿದರೆ ಹೋಗುವಂಥದ್ದಲ್ಲ. ನೀವು ಏನೂ ತಪ್ಪು ಮಾಡಿಲ್ಲ. ನನ್ನ ಮಾತಿಗೆ ಕ್ಷಮೆ ಇರಲಿ” ಎಂದರು.

ಇಪ್ಪತ್ತೈದು ವರ್ಷ ಕಾದಿದ್ದ ಮಾತು ಅದು. ನೀನು ಏನೂ ತಪ್ಪು ಮಾಡಿಲ್ಲ. ಅತ್ತುಬಿಡಬಹುದಿತ್ತು. ಆದರೆ ಅವರು ಅಷ್ಟಕ್ಕೇ ನಿಲ್ಲಿಸಲಿಲ್ಲ.

“ನಿಮಗೆ ಮಕ್ಕಳಿದ್ದಾರೆಯೇ?”

ಒಬ್ಬಳು ಮಗಳು, ನಾಲ್ಕು ವರ್ಷ, ಎಂದೆ. ಇಲ್ಲಿದ್ದಾಳೆಯೇ ಎಂದರು. ಇಲ್ಲ, ಊರಲ್ಲಿ ಎಂದೆ. ಯಾವ ನೀರು ಎಂದು ಅವರು ಕೇಳುವ ಮೊದಲೇ, ಬೋರಿನ ನೀರೇ ಕುಡಿಸುತ್ತಿದ್ದಾರೆ ಎಂದೆ.

ಆ ಬೋರಿನ ನೀರು ಕುಡಿಸುವುದನ್ನು ಇವತ್ತೇ ನಿಲ್ಲಿಸಿ ಎಂದರು. ಅವಳ ಹಲ್ಲು ಈಗ ಬೆಳ್ಳಗಿವೆ, ಫೋಟೋದಲ್ಲಿ ನೋಡಿದ್ದೇನೆ, ಎಂದೆ. ಅವು ಹಾಲುಹಲ್ಲು, ಅವುಗಳಿಂದ ಏನೂ ತಿಳಿಯುವುದಿಲ್ಲ, ಮುಂದಿನ ಹಲ್ಲುಗಳು ಈಗ ವಸಡಿನೊಳಗೆ ಬೆಳೆಯುತ್ತಿವೆ, ಆರೇಳು ವರ್ಷಕ್ಕೆ ಹೊರಗೆ ಬಂದಾಗಲೇ ನಿಮಗೆ ಗೊತ್ತಾಗುವುದು ಎಂದರು.

ಹೊರಗೆ ಬರುವಾಗ ಕಾರ್ಡನ್ನು ನರ್ಸಮ್ಮನ ಮೇಜಿನ ಮೇಲೆ ಕುಕ್ಕಿ, ಇದನ್ನು ಹೊಡೆದುಹಾಕು ಎಂದೆ. ಅವಳು ‘ಹೌದು’ ಎಂಬುದರ ಮೇಲೆ ಗೆರೆ ಎಳೆದಳು. ನಾನು ಕಾರ್ಡು ಕಸಿದುಕೊಂಡು ಬಂದೆ. ಅವಳ ಮೇಲೆ ನನಗೆ ಕೋಪ ಉಳಿದಿರಲಿಲ್ಲ. ಕೋಪಕ್ಕೆ ಅವಳಿಗಿಂತ ಹತ್ತಿರದವರು ಸಿಕ್ಕಿದ್ದರು.

ಬೋರ್ ತಂದವರ ಮೇಲೆ ಕೋಪ ಬಂತು. ನೀರು ಬಂತಲ್ಲ ಎಂದು ಪೂಜೆ ಮಾಡಿಸಿಕೊಂಡು, ಹಾರ ಹಾಕಿಸಿಕೊಂಡು ಹೋದರು. ಅದರಲ್ಲಿ ಏನಿದೆ ಎಂದು ಒಂದು ಸೀಸೆ ತುಂಬಿ ನೋಡಲಿಲ್ಲ. ಊರಿನ ಮಕ್ಕಳ ಹಲ್ಲು ಒಂದೊಂದಾಗಿ ಕಂದು ತಿರುಗಿದಾಗಲೂ ಬಂದು ನೋಡಲಿಲ್ಲ. ಶಾಲೆಗೆ ವರ್ಷಕ್ಕೊಮ್ಮೆ ಬರುತ್ತಿದ್ದ ಡಾಕ್ಟರು ನಮ್ಮನ್ನು ಸಾಲಾಗಿ ನಿಲ್ಲಿಸಿ, ಬಾಯಿ ತೆಗೆಸಿ, “ಕೊಳಕರು” ಎಂದು ಬೈದು, ಆಮೇಲೆ ಅದೇ ಪಂಪಿನಲ್ಲಿ ಕೈ ತೊಳೆದುಕೊಂಡು ಹೋಗುತ್ತಿದ್ದರು. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳುವುದು? ಹೀಗೆಲ್ಲ ಬಯ್ದುಕೊಂಡೇ ಮನೆ ಸೇರಿದೆ. ಮನೆ ಸೇರಿ ಬಾಗಿಲು ಹಾಕಿಕೊಂಡ ಮೇಲೆ ಬಯ್ಯಲು ಯಾರೂ ಉಳಿಯಲಿಲ್ಲ. ನನ್ನನ್ನು ಕೆಡಿಸಿದವರು ಯಾರಾದರೂ ಆಗಲಿ, ನನ್ನ ಮಗಳಿಗೆ ಅದೇ ನೀರನ್ನು ಎರಡು ಪಟ್ಟು ಆಳದಿಂದ ಎತ್ತಿ, ನಲ್ಲಿ ಹಾಕಿಸಿ, ಬೆಲ್ಲ ಹಂಚಿ ಕುಡಿಸಿದವಳು ನಾನು.

ಆಗ ಊರಿಗೆ ಫೋನು ಮಾಡುವುದೆಂದರೆ ದೊಡ್ಡಬೆಳವಂಗಲದ ಎಸ್‌ಟಿಡಿ ಬೂತಿಗೆ ಮಾಡಬೇಕು. ನಮ್ಮ ಮನೆಯವರನ್ನು ಕರೆಸಿ ಎಂದು ಹೇಳಿ ಇಡಬೇಕು. ಯಾರಾದರೂ ಸೈಕಲ್ಲಿನಲ್ಲಿ ಹೋಗಿ ಹೇಳಿ, ಅವರು ಬರುವ ಹೊತ್ತಿಗೆ ಮತ್ತೆ ಮಾಡಬೇಕು. ಎರಡು ಗಂಟೆ ಬಿಟ್ಟು ಮಾಡಿದೆ. ಅಮ್ಮ ಏದುಸಿರು ಬಿಡುತ್ತಿದ್ದಳು, ಯಾರೋ ಸತ್ತರೆಂದು ಓಡಿ ಬಂದಿದ್ದಳು.

“ಅಮ್ಮ, ಮಗೀಗೆ ಬೋರ್ ನೀರು ಕುಡಿಸ್ಬೇಡ. ಇವತ್ತಿಂದ್ಲೇ ನಿಲ್ಸು” ಎಂದೆ.

“ಏನಂದೆ?”

“ಬೋರ್ ನೀರು ಬೇಡ. ಬಾವಿ ನೀರು ಕಾಯಿಸಿ ಕೊಡು.”

ಅಮ್ಮ, “ಲೇ, ನಿಂಗೇನು ತಲೆಗಿಲೆ ಕೆಟ್ಟೈತಾ? ನೀನೇ ಅಲ್ವೇನೆ ಕುಡಿಸು ಅಂದಿದ್ದು? ಬಾವೀಗೆ ಚಪ್ಪಡಿ ಹಾಕ್ಸಿದೋಳು ನೀನೇ ತಾನೆ?” ಎಂದಳು.

ಹೌದು, ನಾನೇ. ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದೆ. ನನ್ನ ಹಲ್ಲು ಹಾಗಾದದ್ದು ಕೈಪಂಪಿನ ನೀರಿನಿಂದ, ನಾನು ಉಜ್ಜದೆ ಅಲ್ಲ ಎಂದೂ ಹೇಳಿದೆ. ಅದನ್ನು ಹೇಳುವಾಗ ನನ್ನ ದನಿ ಏರಿತು. ಮಗುವಿನ ಮಾತಿಗೆಂದು ಮಾಡಿದ ಫೋನಿನಲ್ಲಿ ನಾನು ಇಟ್ಟಿಗೆ ಪುಡಿಯ ಲೆಕ್ಕ ತೆಗೆದೆ. “ರಕ್ತ ಬರೋ ಹಂಗೆ ಉಜ್ತಿದ್ದೆಯಲ್ಲ, ಒಂದಿನಾನಾದ್ರೂ ಯೋಚ್ನೆ ಮಾಡಿದ್ಯಾ ನೀನು?” ಎಂದೆ. “ಮಗು ಚೆನ್ನಾಗವಳೆ. ನಾನು ನೋಡ್ಕಂತೀನಿ, ಇಡು” ಎಂದಳು ಅಮ್ಮ.

ಚಪ್ಪಡಿ ತೆಗೆಸಿದರೆ ನಮ್ಮ ಬಾವಿ ಹಾಳಾಗಿತ್ತು, ನೀರು ನಾರುತ್ತಿತ್ತು. ಹೂಳು ತೆಗೆಸುವಷ್ಟರಲ್ಲಿ ನೆಲದ ನೀರೇ ಕೆಳಗಿಳಿದು ಸೆಲೆ ಬತ್ತಿಹೋಗಿತ್ತು. ಇದೆಲ್ಲ ಅಣ್ಣನ ಕಾಗದದಿಂದ ತಿಳಿಯಿತು. ಅಮ್ಮ ಈಗ ಕೆರೆಯ ಏರಿಯ ಹಿಂದಿನ ಯಾರದೋ ಬಾವಿಯಿಂದ ದಿನಾ ಬೆಳಿಗ್ಗೆ ಒಂದು ಬಿಂದಿಗೆ ಹೊತ್ತು ತರುತ್ತಾಳಂತೆ, ಮನೆಯವರು ಯಾರೂ ಆ ಬಿಂದಿಗೆ ಮುಟ್ಟುವಂತಿಲ್ಲವಂತೆ, ಊರವರು, ಮನೆಯಲ್ಲಿ ನಲ್ಲಿ ಇಟ್ಟುಕೊಂಡು ಮುದುಕಿಗೆ ಯಾಕೆ ಈ ಗ್ರಹಚಾರ ಎಂದು ನಗುತ್ತಾರಂತೆ. ಅರ್ಧ ಮೈಲಿ ದೂರ, ಏರಿ ಹತ್ತಿ ಇಳಿಯಬೇಕು. ಅಮ್ಮನ ಮಂಡಿ ಮೊದಲೇ ನೋಯುತ್ತಿತ್ತು. ಓದಿ ನನಗೆ ಅಳು ಬರಬೇಕಿತ್ತು. ಬಂದದ್ದು ಮತ್ತೆ ಕೋಪವೇ, ಆ ಹೊತ್ತಿಗೆ ಯಾರ ಮೇಲೆ ಎಂದು ನನಗೂ ಸರಿಯಾಗಿ ಗೊತ್ತಾಗುತ್ತಿರಲಿಲ್ಲ.

ವರ್ಷ ತುಂಬುವ ಮೊದಲು ಕೆಲಸ ಬಿಟ್ಟು ನಾನು ಬಂದುಬಿಟ್ಟೆ. ಗಂಡ ಅಲ್ಲೇ ಉಳಿದರು. ದೊಡ್ಡಬಳ್ಳಾಪುರದಲ್ಲಿ ಮನೆ ಮಾಡಿ ಮಗಳನ್ನು ಶಾಲೆಗೆ ಹಾಕಿದೆ. ಬಂದ ವಾರವೇ ಊರಿನ ಪಂಪಿನ ನೀರನ್ನು ಸೀಸೆಯಲ್ಲಿ ತುಂಬಿಕೊಂಡು, ಪರೀಕ್ಷೆ ಮಾಡಿಸಿ ಎನ್ನಲು ನೀರು ಸರಬರಾಜಿನ ಕಚೇರಿಗೆ ಹೋದೆ. ಅಲ್ಲಿದ್ದ ಗುಮಾಸ್ತರು ಸೀಸೆಯನ್ನು ಬೆಳಕಿಗೆ ಹಿಡಿದು, “ಇಷ್ಟು ತಿಳಿಯಾಗಿದ್ಯಲ್ಲಮ್ಮ, ಇನ್ನೇನ್ ಬೇಕು ನಿಮ್ಗೆ? ಹಲ್ಲಿಗೆ ಒಳ್ಳೆ ಪೇಸ್ಟ್ ಹಾಕಿ ಹೋಗಿ” ಎಂದರು. ಸೀಸೆಯ ಬಿರಡೆ ತೆಗೆದು ಅವರ ಲೋಟಕ್ಕೆ ತುಂಬ ಹುಯ್ದು, ಹಂಗಾದ್ರೆ ಕುಡೀರಿ ಎಂದೆ. ಅವರು ಲೋಟವನ್ನು ದೂರ ಸರಿಸಿದರು. ಮೂರು ಸಲ ಹೋದೆ, ಮೂರು ಅರ್ಜಿ ಬರೆದೆ. ಆ ಪಂಪಿನ ಹಿಡಿ ಅದಾದ ಮೇಲೂ ಬಹಳ ವರ್ಷ ಆಡುತ್ತಲೇ ಇತ್ತು.

ಮತ್ತೆ ಉಳಿದದ್ದು ಕಾಯುವುದು. ಮಗಳು ನಗುತ್ತಿದ್ದಳು, ಹಾಲುಹಲ್ಲುಗಳು ಬೆಳ್ಳಗೆ ಹೊಳೆಯುತ್ತಿದ್ದವು, ಕಂಡವರು ಮೊಗ್ಗಿನಂಥ ಹಲ್ಲು ಎನ್ನುತ್ತಿದ್ದರು. ನನಗೆ ಅವು ಬೇಡವಾಗಿದ್ದವು. ಅವುಗಳ ಹಿಂದೆ ಏನಿದೆ ಎಂಬುದೇ ನನ್ನ ಚಿಂತೆ. ಅವಳು ನಿದ್ದೆ ಮಾಡುವಾಗ ತುಟಿ ಎತ್ತಿ ವಸಡು ನೋಡುತ್ತಿದ್ದೆ, ಹುಚ್ಚಿಯ ಹಾಗೆ. ಆರೂವರೆ ವರ್ಷಕ್ಕೆ ಮುಂದಿನ ಹಲ್ಲು ಅಲುಗಾಡಿತು. ಬಿದ್ದ ದಿನ ಅವಳು ಅದನ್ನು ಸಗಣಿ ಉಂಡೆಯಲ್ಲಿಟ್ಟು, ಎಲ್ಲ ಮಕ್ಕಳೂ ಮಾಡುವಂತೆ, ಹೆಂಚಿನ ಮೇಲೆ ಎಸೆದು ಕುಣಿದಳು. ನಾನು ಅನ್ನ ಬಿಟ್ಟೆ.

ಎರಡು ತಿಂಗಳ ಮೇಲೆ ವಸಡು ಸೀಳಿಕೊಂಡು ಒಂದು ಅಂಚು ಕಾಣಿಸಿತು. ಬೆಳ್ಳಗಿತ್ತು. ಮಗಳನ್ನು ಅಂಗಳಕ್ಕೆ ಎಳೆದುಕೊಂಡು ಹೋಗಿ ಬಿಸಿಲಿನಲ್ಲಿ ನೋಡಿದೆ. ಹತ್ತಿಯಿಂದ ಒರೆಸಿ ನೋಡಿದೆ. ಬೆಳ್ಳಗೇ ಇತ್ತು. ಅವತ್ತು ಪಾಯಸ ಮಾಡಿದೆ, ಶಾರ್ಜಾಕ್ಕೆ ಫೋನು ಮಾಡಿದೆ, ಅಮ್ಮನಿಗೆ ಹೇಳಿಕಳಿಸಿದೆ. ಡಾಕ್ಟರು ಹೆದರಿಸಿದ್ದು ಜಾಸ್ತಿಯಾಯಿತು ಎಂದು ಗಂಡನ ಹತ್ತಿರ ನಕ್ಕೆ. ಬಾಯಿಗೆ ಕೈ ಅಡ್ಡ ಇಡದೆ ನಕ್ಕೆ.

ಹಲ್ಲು ಬೆಳೆಯಿತು. ತಿಂಗಳಾದ ಮೇಲೆ ಒಂದು ಭಾನುವಾರ ಬೆಳಿಗ್ಗೆ, ಅಮ್ಮ ಊರಿಂದ ಬಂದಿದ್ದಳು, ಮಗಳು ಬಚ್ಚಲಲ್ಲಿ ಹಲ್ಲು ಉಜ್ಜಿ ಮುಖ ಎತ್ತಿದಳು. ಬೆಳ್ಳಗಿನ ಅಂಚು ಮುಗಿದ ಕಡೆ, ವಸಡಿನ ಹತ್ತಿರ, ಒಂದು ಕಂದು ಪಟ್ಟಿ ಇಳಿದಿತ್ತು. ಅಡ್ಡಕ್ಕೆ, ನೇರವಾಗಿ, ಸೀರೆಗೆ ನೇಯ್ದ ಪಟ್ಟೆಯ ಹಾಗೆ. ಹಲ್ಲು ಅಂಚಿನಿಂದ ಬುಡಕ್ಕೆ ಕಟ್ಟಿಕೊಳ್ಳುತ್ತದೆ ಎಂದು ಆ ಸುಡಾನಿನ ಡಾಕ್ಟರು ಹೇಳಿದ್ದರು. ಬೆಳ್ಳಗಿನ ಅಂಚು ಶಾರ್ಜಾದಲ್ಲಿ ಅವಳು ನನ್ನ ಹತ್ತಿರ ಇದ್ದ ಎರಡು ವರ್ಷ. ಕಂದು ಪಟ್ಟಿ ನಾನು ಬೆರಳು ತೋರಿಸಿ ಹೇಳಿ ಹೋದ ಎರಡು ವರ್ಷ.

ಆ ಗಳಿಗೆಯಲ್ಲಿ ನನಗೆ ಏನಾಯಿತೋ ಇವತ್ತಿಗೂ ತಿಳಿಯದು. ಬ್ರಷ್ ಕಿತ್ತುಕೊಂಡೆ. ಉಪ್ಪಿನ ಡಬ್ಬಿಗೆ ಅದ್ದಿದೆ. ಮಗಳ ಗದ್ದ ಹಿಡಿದು ಉಜ್ಜತೊಡಗಿದೆ. ಅವಳು ಕೊಸರಾಡಿದಳು, “ಅಮ್ಮಾ ಉರಿ, ಅಮ್ಮಾ ಉರಿ” ಎಂದಳು. ಇನ್ನೂ ಬಿಗಿಯಾಗಿ ಹಿಡಿದೆ. “ಸುಮ್ನಿರು, ಬಾಯಿ ತೆಗಿ” ಎನ್ನುತ್ತಿದ್ದೆ. ಹೊಸ ಹಲ್ಲಿನ ಬುಡದಲ್ಲಿ ರಕ್ತ ಜಿನುಗಿತು. ಅವಳು ನನ್ನ ಕೈ ಕಚ್ಚಿದಳು. ಇನ್ನೊಂದು ಕೈ ಅವಳ ಬೆನ್ನಿಗೆ ಹೊಡೆಯಲು ಎದ್ದಿತ್ತು.

ಹಿಂದಿನಿಂದ ಅಮ್ಮ ಬಂದು ಆ ಕೈ ಹಿಡಿದಳು. ಬಿಂದಿಗೆ ಹೊತ್ತ ಕೈ, ಹಿಡಿತ ಗಟ್ಟಿಯಾಗಿತ್ತು.

“ಬಿಡೆ ಅವಳ್ನ” ಎಂದಳು. “ಉಜ್ಜಿದ್ರೆ ಹೋಗಲ್ಲ ಅದು. ನಂಗಾದ್ರೆ ಗೊತ್ತಿರ್ಲಿಲ್ಲ. ನಿಂಗೆ ಗೊತ್ತಲ್ವೇನೆ.”

ಬ್ರಷ್ ಬಿಟ್ಟೆ. ಅಮ್ಮ ಮಗಳಿಗೆ ಬಾಯಿ ಮುಕ್ಕಳಿಸಲು ಲೋಟದಲ್ಲಿ ನೀರು ಕೊಟ್ಟಳು. ನಾನು ಬಚ್ಚಲ ಕಲ್ಲಿನ ಮೇಲೆ ಕೂತೆ.